ತುಂಗೆಯ ದಂಡೆಯಲ್ಲಿ ಪಾರ್ಕ್: ಕಲ್ಲು ಹಾಸುವ ಮೊದಲು ಆಗಬೇಕಾದ ಕೆಲಸಗಳು

ಮಳೆಗಾಲ ಜೋರಾದರೆ ಶಿವಮೊಗ್ಗದವರು ಒಬ್ಬರನ್ನೊಬ್ಬರು ಕೇಳುವ ಪ್ರಶ್ನೆ ಒಂದೇ: ‘ಮಂಟಪ ಮುಳುಗಿತಾ?’ ಕೋರ್ಪಲಯ್ಯನ ಛತ್ರದ ಹತ್ತಿರ ತುಂಗೆಯ ಒಳಗೇ ನಿಂತಿರುವ ಕಲ್ಲಿನ ಮಂಟಪ ಅದು. ಮಂಟಪ ಮುಳುಗಿತು ಅಂದರೆ ಹೊಳೆ ತುಂಬಿತು ಎಂದೇ ಲೆಕ್ಕ. ಜನ ಕೊಡೆ ಹಿಡಿದು ನೋಡಲು ಹೋಗುತ್ತಾರೆ, ಬಾಗಿನ ಬಿಡುತ್ತಾರೆ. ಊರಿನ ಪ್ರವಾಹದ ಅಳತೆಗೋಲು ಎಲ್ಲರ ಕಣ್ಣೆದುರೇ ನಿಂತಿದೆ.

ಹೊಳೆ ದಂಡೆಯನ್ನು ಪಾರ್ಕ್ ಮಾಡುವ ಮಾತು ಎಲ್ಲಿ ಬಂದರೂ ನನಗೆ ಈ ಮಂಟಪ ನೆನಪಾಗುತ್ತದೆ. ದಂಡೆಯ ಜಾಗ ನಮ್ಮದು ಅಂದುಕೊಂಡು ನಕ್ಷೆ ಬರೆಯುತ್ತೇವೆ. ಆದರೆ ವರ್ಷಕ್ಕೆ ಕೆಲವು ದಿನ ಹೊಳೆ ಬಂದು ಅದನ್ನು ವಾಪಸ್ ತೆಗೆದುಕೊಳ್ಳುತ್ತದೆ. ಈ ಒಂದು ಸಂಗತಿಯನ್ನು ಒಪ್ಪಿಕೊಂಡರೆ ಉಳಿದ ಎಷ್ಟೋ ತೀರ್ಮಾನಗಳು ತಾವಾಗಿಯೇ ಸರಿಹೋಗುತ್ತವೆ.

ಶಿವಮೊಗ್ಗ 2016ರಲ್ಲಿ ಕೇಂದ್ರದ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ಆಗ ಕೈಗೆತ್ತಿಕೊಂಡ ದೊಡ್ಡ ಕೆಲಸಗಳಲ್ಲಿ ತುಂಗೆಯ ಉತ್ತರ ದಂಡೆಯ ಅಭಿವೃದ್ಧಿಯೂ ಒಂದು. ಹಳೇ ಊರು ಇರುವ ಕಡೆ, ಎರಡೂವರೆ ಕಿಲೋಮೀಟರ್ ಆಸುಪಾಸಿನ ಉದ್ದಕ್ಕೆ ನಡೆಯುವ ದಾರಿ, ಸೈಕಲ್ ದಾರಿ, ಮೆಟ್ಟಿಲು, ಕೂರುವ ಜಾಗ. ಕೋಟೆ, ಶಿವಪ್ಪ ನಾಯಕ ಅರಮನೆ ಎಲ್ಲ ಇದೇ ಬದಿಯಲ್ಲಿವೆ. ಬಹಳ ಕಾಲ ಊರು ಹೊಳೆಗೆ ಬೆನ್ನು ಹಾಕಿಕೊಂಡೇ ಬೆಳೆದಿತ್ತು. ಮನೆ ಹಿತ್ತಲು, ಕಸದ ರಾಶಿ, ಚರಂಡಿಯ ಬಾಯಿ ಇವೇ ಹೊಳೆಯ ಕಡೆ ಇದ್ದವು. ಹಾಗಾಗಿ ಜನ ಮತ್ತೆ ಹೊಳೆಯ ಪಕ್ಕ ನಡೆಯುವಂತೆ ಮಾಡಬೇಕು ಅನ್ನುವ ಆಸೆ ಖಂಡಿತ ಒಳ್ಳೆಯದು. ಪ್ರಶ್ನೆ ಇರುವುದು ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದರಲ್ಲಿ. ಈ ಪ್ರಶ್ನೆ ಶಿವಮೊಗ್ಗಕ್ಕೆ ಮಾತ್ರ ಅಲ್ಲ. ಹರಿಹರ, ನಂಜನಗೂಡು, ಶ್ರೀರಂಗಪಟ್ಟಣ, ಹೊಳೆ ಇರುವ ಯಾವ ಊರಿಗಾದರೂ ಇದೇ ಪ್ರಶ್ನೆ.

ಡ್ಯಾಮ್ ಇದೆಯಲ್ಲ, ಪ್ರವಾಹ ಯಾಕೆ ಬರಬೇಕು?

ಶಿವಮೊಗ್ಗಕ್ಕೆ ಹತ್ತು ಹನ್ನೆರಡು ಕಿಲೋಮೀಟರ್ ಮೇಲೆ ಗಾಜನೂರಿನಲ್ಲಿ ತುಂಗಾ ಜಲಾಶಯ ಇದೆ. ಅದು ನೀರನ್ನು ತಡೆದು ಊರನ್ನು ಕಾಪಾಡುತ್ತದೆ ಎಂದು ತುಂಬಾ ಜನ ನಂಬಿದ್ದಾರೆ. ಲೆಕ್ಕ ಹಾಕಿ ನೋಡಿದರೆ ಹಾಗಲ್ಲ ಎಂದು ಗೊತ್ತಾಗುತ್ತದೆ.

ಪೇಪರಿನಲ್ಲಿ ದಿನಾ ಬರುವ ಕ್ಯುಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು, ಸುಮಾರು 28 ಲೀಟರ್. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಗಾಜನೂರು ಜಲಾಶಯದಲ್ಲಿ ಹಿಡಿಯುವುದು 3.24 ಟಿಎಂಸಿ ಮಾತ್ರ. ಜೋರು ಮಳೆಗಾಲದಲ್ಲಿ ತುಂಗೆಗೆ 50,000 ಕ್ಯುಸೆಕ್ ಹರಿವು ಬರುವುದು ಹೊಸದೇನಲ್ಲ. ಆ ವೇಗದಲ್ಲಿ ನೀರು ಬಂದರೆ ಪೂರ್ತಿ ಖಾಲಿ ಇದ್ದ ಜಲಾಶಯವೂ 18 ಗಂಟೆಯಲ್ಲಿ ತುಂಬಿಬಿಡುತ್ತದೆ. ಮಳೆಗಾಲದಲ್ಲಿ ಅದು ಖಾಲಿ ಇರುವುದೂ ಇಲ್ಲ. ಆಮೇಲೆ ಮೇಲಿನಿಂದ ಎಷ್ಟು ಬರುತ್ತದೋ ಅಷ್ಟನ್ನೂ ಗೇಟ್ ಎತ್ತಿ ಬಿಡಲೇಬೇಕು. ಇದು ನಾಲೆಗೆ ನೀರು ಕೊಡಲು ಕಟ್ಟಿದ ಜಲಾಶಯ. ಪ್ರವಾಹವನ್ನು ಹಿಡಿದಿಟ್ಟುಕೊಳ್ಳುವ ಹೊಟ್ಟೆ ಇದಕ್ಕಿಲ್ಲ.

ಮೇಲಿನಿಂದ ಬರುವುದಾದರೂ ಎಷ್ಟು? ತುಂಗೆ ಹುಟ್ಟುವುದು ಪಶ್ಚಿಮಘಟ್ಟದ ಗಂಗಾಮೂಲದಲ್ಲಿ. ಶೃಂಗೇರಿ, ತೀರ್ಥಹಳ್ಳಿ ದಾಟಿ ಬರುತ್ತಾಳೆ. ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಆಗುಂಬೆ ಕಡೆಯ ನೀರು ಮಾಲತಿ ಹೊಳೆಯಾಗಿ ಬಂದು ಸೇರುತ್ತದೆ. ಅಲ್ಲಿ ಎರಡು ಮೂರು ದಿನ ಬಿಡದೆ ಹೊಡೆದರೆ, ಶಿವಮೊಗ್ಗದಲ್ಲಿ ಬಿಸಿಲು ಇದ್ದರೂ ಹೊಳೆ ಏರುತ್ತದೆ. 2019ರ ಆಗಸ್ಟ್‌ನಲ್ಲಿ ಕುಂಬಾರಗುಂಡಿ, ರಾಜೀವ್ ಗಾಂಧಿ ಬಡಾವಣೆಯಂಥ ತಗ್ಗಿನ ಕಡೆಗಳಲ್ಲಿ ಮನೆಯೊಳಗೆ ನೀರು ನುಗ್ಗಿದ್ದನ್ನು ಊರು ಮರೆತಿಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಬಡಾವಣೆಗೆ ನೀರು ಬರಬೇಕಾದರೆ ಹೊಳೆ ದಂಡೆ ದಾಟಿಯೇ ಬರಬೇಕು ಅಂತೇನಿಲ್ಲ. ಊರಿನ ಮಳೆನೀರೆಲ್ಲ ರಾಜಕಾಲುವೆಗಳ ಮೂಲಕ ಹೊಳೆಗೆ ಸೇರಬೇಕು. ಹೊಳೆಯ ಮಟ್ಟ ಕಾಲುವೆಯ ಬಾಯಿಗಿಂತ ಮೇಲೆ ಬಂದರೆ ಊರಿನ ನೀರು ಹೊರಗೆ ಹೋಗುವುದಿಲ್ಲ, ಹೊಳೆಯ ನೀರೇ ಕಾಲುವೆಯಲ್ಲಿ ಹಿಂದಕ್ಕೆ ಏರುತ್ತದೆ. ಸುಮ್ನೆ ದಂಡೆಗೆ ಎತ್ತರದ ಗೋಡೆ ಕಟ್ಟಿದರೆ ಈ ಸಮಸ್ಯೆ ತೀರುವುದಿಲ್ಲ. ಎಷ್ಟೋ ಸಲ ಊರಿನ ಒಳಗೆ ಬಿದ್ದ ಮಳೆಯೇ ಗೋಡೆಯ ಹಿಂದೆ ನಿಂತುಬಿಡುತ್ತದೆ. ಕಾಲುವೆ ಹೊಳೆಗೆ ಸೇರುವ ಪ್ರತಿ ಬಾಯಲ್ಲೂ ಒಂದೇ ಕಡೆಗೆ ತೆರೆದುಕೊಳ್ಳುವ ಬಾಗಿಲು ಬೇಕು. ಹೊಳೆ ಏರಿದಾಗ ಅದು ಮುಚ್ಚಿಕೊಳ್ಳಬೇಕು. ಒಳಗಿನ ನೀರನ್ನು ಎತ್ತಿ ಹಾಕಲು ಪಂಪ್ ಬೇಕು. ನೋಡಲು ಚೆನ್ನಾಗಿರುವ ಕೆಲಸಗಳಲ್ಲ ಇವು, ಉದ್ಘಾಟನೆಯ ಫೋಟೋಗೂ ಸಿಗುವುದಿಲ್ಲ. ಕುಂಬಾರಗುಂಡಿಯ ಮನೆಯವರಿಗೆ ಬಣ್ಣದ ದೀಪಕ್ಕಿಂತ ಇವು ಸಾವಿರ ಪಾಲು ಮುಖ್ಯ.

ಗೋಡೆಯೋ, ಇಳಿಜಾರೋ

ದಂಡೆಯನ್ನು ರೂಪಿಸುವುದಕ್ಕೆ ಎರಡು ದಾರಿಗಳಿವೆ. ಒಂದು, ನೇರ ಗೋಡೆ ಎಬ್ಬಿಸಿ, ಹಿಂದೆ ಮಣ್ಣು ತುಂಬಿ ಜಾಗ ಮಾಡಿಕೊಳ್ಳುವುದು. ಇನ್ನೊಂದು, ದಂಡೆಯನ್ನು ಇಳಿಜಾರಾಗಿಯೇ ಬಿಟ್ಟು ಹಂತ ಹಂತವಾಗಿ ಬಳಸುವುದು.

ಗೋಡೆಯ ದಾರಿಗೆ ಎಲ್ಲರೂ ತೋರಿಸುವ ಉದಾಹರಣೆ ಅಹಮದಾಬಾದಿನ ಸಾಬರಮತಿ. ಎರಡೂ ದಂಡೆಗೆ ಹನ್ನೊಂದೂವರೆ ಕಿಲೋಮೀಟರ್ ಉದ್ದ ಕಾಂಕ್ರೀಟ್ ಗೋಡೆ. ನದಿಯ ಅಗಲವನ್ನು ಸುಮಾರು 263 ಮೀಟರಿಗೆ ಸಮ ಮಾಡಿ, 200 ಹೆಕ್ಟೇರಿಗೂ ಜಾಸ್ತಿ ಹೊಸ ಜಾಗ ಮಾಡಿಕೊಂಡರು. ನಡೆಯುವ ದಾರಿ 2012ರಲ್ಲಿ ತೆರೆಯಿತು. ಸಂಜೆ ಹೋದರೆ ನಿಜಕ್ಕೂ ಊರೇ ಅಲ್ಲಿರುತ್ತದೆ. ಆದರೆ ಅಲ್ಲಿ ನಿಂತಿರುವ ನೀರು ಬಹುಪಾಲು ನರ್ಮದಾ ನಾಲೆಯಿಂದ ತಂದು ತುಂಬಿಸಿದ್ದು. ದಂಡೆಯಲ್ಲಿ ಬದುಕುತ್ತಿದ್ದ ಹತ್ತು ಸಾವಿರಕ್ಕೂ ಜಾಸ್ತಿ ಕುಟುಂಬಗಳು ಎದ್ದು ಬೇರೆಡೆ ಹೋಗಬೇಕಾಯಿತು. ಊರು ದಾಟಿದ ಮೇಲಿನ ಸಾಬರಮತಿ ಇವತ್ತಿಗೂ ದೇಶದ ಅತಿ ಕಲುಷಿತ ನದಿ ಭಾಗಗಳ ಪಟ್ಟಿಯಲ್ಲಿದೆ.

ವರ್ಷದ ಬಹುಪಾಲು ಒಣಗಿರುತ್ತಿದ್ದ ಸಾಬರಮತಿಯ ಮಾದರಿಯನ್ನು ಮಲೆನಾಡಿನ ಹೊಳೆಗೆ ತಂದು ಅಂಟಿಸಲು ಆಗುವುದಿಲ್ಲ. ಕಾರಣ ಸರಳ. ಅಷ್ಟೇ ನೀರು ಕಿರಿದಾದ ಜಾಗದಲ್ಲಿ ಹೋಗಬೇಕಾದರೆ ಒಂದೋ ಅದು ಮೇಲೆ ಏರಬೇಕು, ಇಲ್ಲವೇ ಜೋರಾಗಿ ಓಡಬೇಕು. ಏರಿದರೆ ಎದುರು ದಂಡೆಯ ವಿದ್ಯಾನಗರದಂಥ ಕಡೆಗೆ ಅಪಾಯ. ಜೋರಾಗಿ ಓಡಿದರೆ ಕೆಳಗಿನ ಊರುಗಳ ದಂಡೆ ಕೊರೆಯುತ್ತದೆ. ನಮ್ಮ ದಂಡೆಯನ್ನು ಹತ್ತು ಮೀಟರ್ ಮುಂದೆ ತಂದರೆ ಅದರ ಬೆಲೆಯನ್ನು ಬೇರೆ ಯಾರೋ ಕಟ್ಟುತ್ತಾರೆ.

ಇದಕ್ಕೆ ಪೂರ್ತಿ ತದ್ವಿರುದ್ಧ ಕೆಲಸ ಮಾಡಿದ್ದು ನೆದರ್ಲೆಂಡ್ಸ್‌ನ ನೈಮೇಖನ್ ಎಂಬ ಊರು. ಅಲ್ಲಿ ವಾಲ್ ನದಿ ತಿರುವಿನಲ್ಲಿ ಕಿರಿದಾಗುತ್ತದೆ. 1995ರಲ್ಲಿ ನದಿಗಳು ಉಕ್ಕಿದಾಗ ಆ ಭಾಗದ ಎರಡೂವರೆ ಲಕ್ಷ ಜನರನ್ನು ಮನೆ ಬಿಡಿಸಬೇಕಾಯಿತು. ಆಮೇಲೆ ಅವರು ಏರಿಯನ್ನು ಇನ್ನಷ್ಟು ಎತ್ತರಿಸಲಿಲ್ಲ. ಲೆಂಟ್ ಕಡೆಯ ಏರಿಯನ್ನು 350 ಮೀಟರ್ ಹಿಂದಕ್ಕೆ ಸರಿಸಿ ಕಟ್ಟಿದರು. ಮಧ್ಯೆ ಸಿಕ್ಕ ಜಾಗದಲ್ಲಿ ಹೊಳೆಗೆ ಇನ್ನೊಂದು ಕಾಲುವೆ ತೋಡಿದರು. ಪ್ರವಾಹದ ಮಟ್ಟ ಸುಮಾರು 35 ಸೆಂಟಿಮೀಟರ್ ಇಳಿಯಿತು. ಎರಡರ ನಡುವೆ ಉಳಿದ ದ್ವೀಪ, ಹೊಸ ಕಾಲುವೆಯ ದಂಡೆ ಇವೇ ಈಗ ಊರಿನ ಪಾರ್ಕ್. ಈಜುವವರು, ದೋಣಿ ಹುಟ್ಟು ಹಾಕುವವರು, ಸುಮ್ನೆ ಮರಳಿನಲ್ಲಿ ಕೂತವರು ಎಲ್ಲ ಅಲ್ಲೇ. ಇದೂ ನೋವಿಲ್ಲದೆ ಆಗಲಿಲ್ಲ, ಐವತ್ತರಷ್ಟು ಮನೆಗಳನ್ನು ಕೆಡವಬೇಕಾಯಿತು. ಆದರೂ ಅಲ್ಲಿ ಮೊದಲು ನಡೆದದ್ದು ಪ್ರವಾಹದ ಕೆಲಸ, ಪಾರ್ಕ್ ಅದರ ಹಿಂದೆ ಬಂತು.

ಸಿಂಗಪುರದ ಬಿಶಾನ್ ಪಾರ್ಕಿನಲ್ಲೂ ಇದೇ ಬುದ್ಧಿ. ಕಲ್ಲಾಂಗ್ ಹೊಳೆ ಅಲ್ಲಿ 2.7 ಕಿಲೋಮೀಟರ್ ಉದ್ದದ ನೇರ ಕಾಂಕ್ರೀಟ್ ಕಾಲುವೆಯಾಗಿತ್ತು. ಅದನ್ನು ಒಡೆದು 3.2 ಕಿಲೋಮೀಟರಿನ ಅಂಕುಡೊಂಕು ಹೊಳೆ ಮಾಡಿದರು. ದಂಡೆ ಗಟ್ಟಿ ಮಾಡಲು ಗೋಡೆಯ ಬದಲು ಗಿಡ, ಬೇರು, ಕಲ್ಲು ಬಳಸಿದರು. ಯಾವ ಗಿಡ ಮಣ್ಣು ಹಿಡಿಯುತ್ತದೆ ಎಂದು ಮೊದಲು ಪಕ್ಕದ ಸಣ್ಣ ಕಾಲುವೆಯಲ್ಲಿ ಬೆಳೆಸಿ ಪರೀಕ್ಷೆ ಮಾಡಿದರು. ಮಳೆ ಬಂದಾಗ ಹುಲ್ಲುಹಾಸೇ ಹೊಳೆಯಾಗುತ್ತದೆ. ಸೈರನ್, ದೀಪ, ಕೆಂಪು ಗುರುತುಗಳು ಜನರನ್ನು ಮೇಲೆ ಕಳಿಸುತ್ತವೆ. ನೀರುನಾಯಿಗಳೂ ಬಂದು ನೆಲೆಸಿದವು.

ತುಂಗೆಗೆ ಇದನ್ನು ಹೊಂದಿಸಿ ಹೇಳುವುದಾದರೆ ದಂಡೆಯನ್ನು ಮೂರು ಪಟ್ಟಿಯಾಗಿ ನೋಡಬೇಕು. ಪ್ರತಿ ವರ್ಷ ಮುಳುಗುವ ಕೆಳಗಿನ ಪಟ್ಟಿ. ದೊಡ್ಡ ಮಳೆಯ ವರ್ಷ ಮಾತ್ರ ಮುಳುಗುವ ನಡುವಿನ ಪಟ್ಟಿ. 2019ರಲ್ಲೂ ಮುಳುಗದ ಮೇಲಿನ ಪಟ್ಟಿ. ಕೆಳಗೆ ಕಲ್ಲಿನ ಮೆಟ್ಟಿಲು, ಹುಲ್ಲು, ನೀರಿನಲ್ಲಿ ನಿಂತು ಅಭ್ಯಾಸವಿರುವ ಮರಗಳು ಇರಲಿ: ಹೊಳೆಮತ್ತಿ, ಹೊಂಗೆ, ನೇರಳೆ, ಅತ್ತಿ. ಇವುಗಳ ಬೇರೇ ದಂಡೆಯನ್ನು ಹಿಡಿದುಕೊಳ್ಳುತ್ತದೆ. ನಡುವೆ ನಡೆಯುವ ದಾರಿ, ಕಲ್ಲಿನ ಬೆಂಚು. ಕರೆಂಟಿನ ಪೆಟ್ಟಿಗೆ, ಶೌಚಾಲಯ, ತಿಂಡಿ ಅಂಗಡಿ, ಮಕ್ಕಳ ಆಟದ ಸಾಮಾನು ಎಲ್ಲ ಮೇಲೆ. ಕಂಬಿ ಹಾಕುವುದಾದರೂ ಯೋಚನೆ ಬೇಕು. ತುಂಬಿದ ಹೊಳೆ ಬರೀ ನೀರು ತರುವುದಿಲ್ಲ, ಮರದ ದಿಮ್ಮಿ, ಬಿದಿರಿನ ಹಿಂಡಿಲು, ಕಸ ಎಲ್ಲವನ್ನೂ ತರುತ್ತದೆ. ಒತ್ತೊತ್ತಾದ ಕಂಬಿಗೆ ಅದು ಸಿಕ್ಕಿಕೊಂಡರೆ ಕಂಬಿಯೇ ಗೋಡೆಯಾಗಿ, ನೀರಿನ ಒತ್ತಡಕ್ಕೆ ಬುಡಸಮೇತ ಕಿತ್ತು ಹೋಗುತ್ತದೆ. ದೂರ ದೂರ ಇರುವ ಕಲ್ಲಿನ ಗೂಟ, ಮಳೆಗಾಲಕ್ಕೆ ಬಿಚ್ಚಿಡಬಹುದಾದ ಕಂಬಿ ಹೆಚ್ಚು ಬಾಳುತ್ತವೆ.

ಬೇಸಿಗೆಯ ಹೊಳೆ ಬೇರೆಯೇ

‘ತುಂಗಾ ಪಾನ, ಗಂಗಾ ಸ್ನಾನ’ ಎಂದು ಹಿರಿಯರು ಹೇಳುತ್ತಾ ಬಂದ ನೀರು ಇದು. ಶಿವಮೊಗ್ಗ ಇವತ್ತಿಗೂ ಕುಡಿಯುವುದು ಇದನ್ನೇ. ಆದರೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಪಟ್ಟಿ ಮಾಡಿದ ಕರ್ನಾಟಕದ 17 ಕಲುಷಿತ ನದಿ ಭಾಗಗಳಲ್ಲಿ ತುಂಗೆಯೂ ಇದ್ದಳು. ಲೀಟರಿಗೆ 3 ಮಿಲಿಗ್ರಾಂಗಿಂತ ಜಾಸ್ತಿ ಬಿಓಡಿ ಇದ್ದರೆ ಆ ಪಟ್ಟಿಗೆ ಸೇರಿಸುತ್ತಾರೆ. ಕೊಳೆಯನ್ನು ಕರಗಿಸಲು ನೀರಿನಲ್ಲಿರುವ ಸೂಕ್ಷ್ಮಜೀವಿಗಳಿಗೆ ಎಷ್ಟು ಆಮ್ಲಜನಕ ಬೇಕು ಎಂಬ ಅಳತೆಯೇ ಬಿಓಡಿ. ಅದು ಏರಿದಷ್ಟೂ ಮೀನಿಗೆ ಉಸಿರು ಕಡಿಮೆ.

ಊರಿನ ಕೊಳಚೆ ಎಷ್ಟು ಎಂದು ಅಂದಾಜು ಮಾಡುವುದು ಕಷ್ಟವಲ್ಲ. ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು, ಅದರಲ್ಲಿ ನೂರಕ್ಕೆ ಎಂಬತ್ತು ಪಾಲು ಕೊಳಚೆಯಾಗುತ್ತದೆ ಎಂಬುದು ಎಂಜಿನಿಯರುಗಳ ಸಾಮಾನ್ಯ ಲೆಕ್ಕ. 2011ರ ಜನಗಣತಿಯಲ್ಲಿ ಶಿವಮೊಗ್ಗದ ಜನಸಂಖ್ಯೆ ಸುಮಾರು 3.2 ಲಕ್ಷ. ಆಗಿನ ಲೆಕ್ಕಕ್ಕೇ ದಿನಕ್ಕೆ ಮೂರೂವರೆ ಕೋಟಿ ಲೀಟರ್ ಆಯಿತು. ಹೊಳೆಯ ಭಾಷೆಯಲ್ಲಿ ಹೇಳುವುದಾದರೆ 14 ಕ್ಯುಸೆಕ್. ಜುಲೈ ತಿಂಗಳ 50,000 ಕ್ಯುಸೆಕ್ ಹೊಳೆಯಲ್ಲಿ ಇಷ್ಟು ಸೇರಿದರೆ ಯಾರಿಗೂ ಗೊತ್ತಾಗುವುದಿಲ್ಲ. ಏಪ್ರಿಲ್‌ನಲ್ಲಿ ಮೇಲಿನಿಂದ ಹರಿವು ಬಡಕಲಾದಾಗ ಅದೇ 14 ಕ್ಯುಸೆಕ್ ಮೂಗಿಗೆ ಹೊಡೆಯುತ್ತದೆ. ಜನ ದಂಡೆಗೆ ಜಾಸ್ತಿ ಬರುವುದೂ ಬೇಸಿಗೆಯ ಸಂಜೆಯಲ್ಲೇ, ಅಲ್ವಾ?

ಇದಕ್ಕೆ ಮದ್ದು ಗೊತ್ತಿರುವುದೇ. ದಂಡೆಯ ಉದ್ದಕ್ಕೂ ಒಂದು ದೊಡ್ಡ ಪೈಪ್ ಹಾಕಿ, ಹೊಳೆಗೆ ಬೀಳುವ ಪ್ರತಿ ಚರಂಡಿಯ ನೀರನ್ನೂ ಬಾಯಲ್ಲೇ ತಡೆದು ಅದಕ್ಕೆ ತಿರುಗಿಸಬೇಕು. ಅಲ್ಲಿಂದ ಶುದ್ಧೀಕರಣ ಘಟಕಕ್ಕೆ. ಮಳೆ ಬಂದು ಚರಂಡಿ ತುಂಬಿದಾಗ ಹೆಚ್ಚಿನ ನೀರು ಮಾತ್ರ ತಡೆಯ ಮೇಲಿಂದ ಹೊಳೆಗೆ ಹೋಗುತ್ತದೆ. ಆ ಪೈಪ್ ಹೋಗಬೇಕಾದ ಜಾಗ ಸಾಮಾನ್ಯವಾಗಿ ಎಲ್ಲಿ ಗೊತ್ತಾ? ನಡೆಯುವ ದಾರಿಯ ಕೆಳಗೇ. ಹಾಗಾಗಿ ಪೈಪ್ ಹಾಕಿ, ಜೋಡಿಸಿ, ನೀರು ಬಿಟ್ಟು ನೋಡಿದ ಮೇಲೇ ಕಲ್ಲು ಹಾಸಬೇಕು. ಕ್ರಮ ತಪ್ಪಿದರೆ ವರ್ಷದೊಳಗೆ ಜೆಸಿಬಿ ಬಂದು ಅದೇ ಕಲ್ಲು ಕಿತ್ತುಹಾಕುತ್ತದೆ. ಕೊಳಚೆ ಎತ್ತುವ ಪಂಪ್‌ಗಳಿಗೆ ಜನರೇಟರ್ ಇರಬೇಕು. ಕರೆಂಟ್ ಹೋದ ಮರುಕ್ಷಣ ಎಲ್ಲ ಮತ್ತೆ ಹೊಳೆಗೇ ಹೋಗುತ್ತದೆ.

ಇದು ಒಂದು ಊರಿನ ಕಾಳಜಿ ಮಾತ್ರ ಅಲ್ಲ. ಶಿವಮೊಗ್ಗದಿಂದ ಮುಂದೆ ಕೂಡ್ಲಿಯಲ್ಲಿ ಭದ್ರೆ ಸೇರಿ ತುಂಗಭದ್ರೆಯಾಗುತ್ತದೆ. ಹೊನ್ನಾಳಿ, ಹರಿಹರದವರಿಗೆ ಬರುವುದು ನಾವು ಬಿಟ್ಟ ನೀರೇ. 2024ರ ನವೆಂಬರ್‌ನಲ್ಲಿ ಶೃಂಗೇರಿಯಿಂದ ಹೊರಟು, ಹಂತ ಹಂತವಾಗಿ ಕಿಷ್ಕಿಂಧೆಯವರೆಗೆ ಜನ ‘ನಿರ್ಮಲ ತುಂಗಭದ್ರಾ’ ಪಾದಯಾತ್ರೆ ಮಾಡಿದ್ದು ಇದೇ ಸಂಕಟಕ್ಕೆ.

ದಂಡೆ ಈಗಾಗಲೇ ಯಾರದ್ದೋ ಆಗಿರುತ್ತದೆ

ನಕ್ಷೆಯಲ್ಲಿ ಹೊಳೆ ದಂಡೆ ಖಾಲಿ ಕಾಣುತ್ತದೆ. ಬೆಳಗ್ಗೆ ಆರಕ್ಕೆ ಹೋಗಿ ನಿಂತರೆ ಹಾಗೆ ಕಾಣುವುದಿಲ್ಲ. ಬಟ್ಟೆ ಒಗೆಯುವವರು, ಬಲೆ ಬೀಸುವವರು, ಪಿಂಡ ಬಿಡಲು ಪುರೋಹಿತರ ಜೊತೆ ಬಂದ ಕುಟುಂಬ, ದನ ಮೈತೊಳೆಯುವವರು. ಭಾದ್ರಪದದಲ್ಲಿ ಭೀಮನ ಮಡುವಿನಲ್ಲಿ ಗಣಪತಿ ಬಿಡುವ ದಿನ ಊರಿಗೆ ಊರೇ ಹೊಳೆಯ ಕಡೆ ಬರುತ್ತದೆ. ಹೊಸ ಪಾರ್ಕಿನಲ್ಲಿ ಇವರಿಗೆಲ್ಲ ಜಾಗ ಬರೆದಿಡದೇ ಇದ್ದರೆ ಎರಡರಲ್ಲಿ ಒಂದಾಗುತ್ತದೆ. ಕಾವಲುಗಾರರು ಅವರನ್ನು ಓಡಿಸುತ್ತಾರೆ, ಇಲ್ಲವೇ ಅವರು ಬೇಲಿ ಮುರಿದು ಬರುತ್ತಾರೆ. ಎರಡೂ ಊರಿಗೆ ಶೋಭೆಯಲ್ಲ.

ಅಹಮದಾಬಾದಿನಲ್ಲೇ ಇದಕ್ಕೆ ಒಂದು ಒಳ್ಳೆಯ ಉದಾಹರಣೆ ಇದೆ. ಭಾನುವಾರ ಹೊಳೆ ಪಾತ್ರದಲ್ಲಿ ಸೇರುತ್ತಿದ್ದ ಹಳೇ ಗುಜರಿ ಸಂತೆಗೆ ಯೋಜನೆಯ ಒಳಗೇ ಕಟ್ಟೆ, ನೆರಳು ಮಾಡಿಕೊಟ್ಟರು. ವ್ಯಾಪಾರಿಗಳು ಹೋರಾಡಿ ಪಡೆದದ್ದು ಅದು.

ಪ್ರವೇಶ ಶುಲ್ಕದ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿ. ಹೊಳೆ ನೋಡಲು ಟಿಕೆಟ್ ಇರಬಾರದು. ದೋಣಿಗೆ, ವಾಹನ ನಿಲ್ಲಿಸಲು ದುಡ್ಡು ತೆಗೆದುಕೊಳ್ಳಲಿ. ತಾಯಿ ಮಗು ಸಂಜೆ ಬಂದು ಮೆಟ್ಟಿಲ ಮೇಲೆ ಕೂರಲು ಹತ್ತು ರೂಪಾಯಿ ಕೇಳಿದರೆ ಹತ್ತಿರದ ಓಣಿಯವರೇ ಬರುವುದು ನಿಲ್ಲಿಸುತ್ತಾರೆ. ಆಮೇಲೆ ಆ ಜಾಗ ಖಾಲಿಯಾಗುತ್ತದೆ, ಖಾಲಿಯಾದ ಜಾಗಕ್ಕೆ ಹೆಣ್ಣುಮಕ್ಕಳು ಹೋಗಲು ಹೆದರುತ್ತಾರೆ. ಜನರ ಓಡಾಟವೇ ಅಲ್ಲಿಯ ಕಾವಲು. ಜೊತೆಗೆ ಕೆಲಸ ಮಾಡುವ ದೀಪ, ಬೀಗ ಹಾಕದ ಶೌಚಾಲಯ, ಗಾಲಿಕುರ್ಚಿ ಇಳಿಯಲು ಹನ್ನೆರಡು ಅಡಿಗೆ ಒಂದು ಅಡಿ ಇಳಿಜಾರಿನ ದಾರಿ ಇರಲಿ. ಮೆಟ್ಟಿಲು ಮಾತ್ರ ಇದ್ದರೆ ಊರಿನ ಅಜ್ಜಂದಿರಿಗೆ ಹೊಳೆ ಮುಟ್ಟಲು ಆಗುವುದಿಲ್ಲ.

ಪ್ರವಾಸಿಗರ ಮಾತು ಎಲ್ಲ ಯೋಜನಾ ವರದಿಯಲ್ಲೂ ಮೊದಲ ಪುಟಕ್ಕೇ ಬರುತ್ತದೆ. ನಾನು ಅದನ್ನು ಕೊನೆಗೆ ಇಡುತ್ತೇನೆ. ಜೋಗ, ಆಗುಂಬೆ, ಸಕ್ರೆಬೈಲಿಗೆ ಹೋಗುವವರು ಶಿವಮೊಗ್ಗದ ಮೇಲೆಯೇ ಹೋಗುತ್ತಾರೆ. 2023ರಿಂದ ವಿಮಾನ ನಿಲ್ದಾಣವೂ ಇದೆ. ಅವರು ಒಂದು ರಾತ್ರಿ ಉಳಿಯಬೇಕಾದರೆ ಸಂಜೆ ಹೋಗಲು ಒಂದು ಜಾಗ ಬೇಕು ಅನ್ನುವುದು ಸರಿ. ಆದರೆ ಸ್ಥಳೀಯರೇ ತುಂಬಿರುವ ದಂಡೆಯೇ ಹೊರಗಿನವರಿಗೂ ಹಿಡಿಸುವುದು. ತೀರ್ಥಹಳ್ಳಿ ದಾರಿಯಲ್ಲಿ ಮಂಡಗದ್ದೆಯನ್ನೇ ನೋಡಿ. ಹೊಳೆ ನಡುವಿನ ನಡುಗಡ್ಡೆಯ ಮರಗಳಲ್ಲಿ ಮಳೆಗಾಲಕ್ಕೆ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುತ್ತವೆ. ಜನ ರಸ್ತೆ ಬದಿಗೆ ಕಾರು ನಿಲ್ಲಿಸಿ ನೋಡಿ ಹೋಗುತ್ತಾರೆ. ಮರಗಳನ್ನು ಹಾಗೇ ಬಿಟ್ಟಿದ್ದೇ ಅಲ್ಲಿಯ ದೊಡ್ಡ ಆಕರ್ಷಣೆ.

ಕೆಸರು ತೆಗೆಯುವವರು ಯಾರು?

ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಪ್ರತಿ ಊರಿಗೆ ಐದು ವರ್ಷಕ್ಕೆ ಕೇಂದ್ರದಿಂದ 500 ಕೋಟಿ ರೂಪಾಯಿ, ಅಷ್ಟೇ ಪಾಲು ರಾಜ್ಯದ ಕಡೆಯಿಂದ ಎಂದಿತ್ತು. ಅವಧಿ ವಿಸ್ತರಿಸಿ ವಿಸ್ತರಿಸಿ 2025ರ ಮಾರ್ಚ್ 31ಕ್ಕೆ ಯೋಜನೆ ಮುಗಿಯಿತು. ಅದು ಕಟ್ಟುವುದಕ್ಕೆ ಕೊಟ್ಟ ಹಣ. ನೋಡಿಕೊಳ್ಳುವ ಹಣ ಊರಿನ ಪಾಲಿಕೆಯೇ ಹುಡುಕಬೇಕು. ಅಲ್ಲಿಯವರೆಗೆ ಎಲ್ಲ ನಿಭಾಯಿಸುತ್ತಿದ್ದದ್ದು ಯೋಜನೆಗಾಗಿ ಹುಟ್ಟಿದ ಕಂಪನಿ. ನೀರು ನೀರಾವರಿಯವರದ್ದು, ಪೈಪು ಒಳಚರಂಡಿಯವರದ್ದು, ದೀಪ ಮೆಸ್ಕಾಂ ಮತ್ತು ಪಾಲಿಕೆಯದ್ದು. ದಂಡೆಯ ಒಂದು ಕಂಬ ವಾಲಿದರೆ ಯಾರಿಗೆ ಫೋನ್ ಮಾಡಬೇಕು ಎಂಬ ಪ್ರಶ್ನೆಗೆ ಉತ್ತರ ಇರಬೇಕು.

ಹೊಳೆ ದಂಡೆಯ ಪಾರ್ಕಿಗೆ ಬೇರೆ ಪಾರ್ಕಿಗಿಲ್ಲದ ಒಂದು ಖರ್ಚಿದೆ. ನೀರು ಇಳಿದ ಮೇಲೆ ಬೆರಳುದ್ದ, ಕೆಲವು ಕಡೆ ಮೊಣಕಾಲುದ್ದ ಕೆಸರು ಉಳಿಯುತ್ತದೆ. ಹಸಿ ಇರುವಾಗ ಎರಡು ಮೂರು ದಿನದಲ್ಲಿ ಪೈಪ್ ಹಿಡಿದು ತೊಳೆದರೆ ಹೊಳೆಗೇ ವಾಪಸ್ ಹೋಗುತ್ತದೆ. ಬಿಸಿಲಿಗೆ ಒಣಗಲು ಬಿಟ್ಟರೆ ಗಾರೆಯಂತೆ ಗಟ್ಟಿಯಾಗಿ, ಗುದ್ದಲಿ ಹಾಕಿ ಕೆತ್ತಬೇಕು, ಕೆತ್ತುವಾಗ ಹಾಸುಗಲ್ಲೂ ಏಳುತ್ತದೆ. ಮೆಟ್ಟಿಲ ಮೇಲೆ ಪಾಚಿ ಕಟ್ಟುತ್ತದೆ, ಜಾರಿ ಬೀಳುವವರು ಶುರುವಾಗುತ್ತಾರೆ. ಹಾಗಾಗಿ ಪಾಲಿಕೆಯ ಬಜೆಟ್‌ನಲ್ಲಿ ಪ್ರತಿ ವರ್ಷ ಜೂನ್‌ನಿಂದ ಅಕ್ಟೋಬರ್‌ವರೆಗೆ ಕೆಸರು ತೆಗೆಯಲೆಂದೇ ಆಳು, ನೀರಿನ ಟ್ಯಾಂಕರ್, ಪಂಪಿಗೆ ಬೇರೆ ಬಾಬ್ತು ಇರಬೇಕು. ಚರಂಡಿ ಬಾಯಿಯ ಬಾಗಿಲುಗಳಿಗೆ ಮೇ ತಿಂಗಳಲ್ಲೇ ಗ್ರೀಸ್ ಹಾಕಿ, ಮುಚ್ಚುತ್ತದಾ ಎಂದು ನೋಡಬೇಕು. ಗಾಜನೂರಿನಿಂದ ಎಷ್ಟು ಕ್ಯುಸೆಕ್ ಬಿಟ್ಟರೆ ಕೆಳಗಿನ ಪಟ್ಟಿಯ ಗೇಟ್ ಹಾಕಬೇಕು ಎಂದು ಮೊದಲೇ ನಿಗದಿಯಾಗಿರಬೇಕು. ಆ ಅಂಕಿ ದಂಡೆಯ ಪ್ರತಿ ಬಾಗಿಲಲ್ಲೂ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆದಿರಬೇಕು.

ನಿಮ್ಮ ಊರಿನಲ್ಲಿ ಹೊಳೆ ದಂಡೆಯ ಯೋಜನೆ ಬಂದರೆ, ವಾರ್ಡ್ ಸಭೆಗೆ ಹೋದಾಗ ಬಣ್ಣದ ಚಿತ್ರವನ್ನು ಪಕ್ಕಕ್ಕಿಟ್ಟು ಎರಡು ಹಾಳೆ ಕೇಳಿ. ಒಂದು, 2019ರ ನೀರಿನ ಮಟ್ಟವನ್ನು ಗೆರೆ ಎಳೆದು ತೋರಿಸಿದ ನಕ್ಷೆ. ಇನ್ನೊಂದು, ಮೊದಲ ಹತ್ತು ವರ್ಷದ ನಿರ್ವಹಣೆ ಖರ್ಚಿನ ಪಟ್ಟಿ, ಯಾವ ಇಲಾಖೆ ಕೊಡುತ್ತದೆ ಎಂಬ ಸಹಿಯ ಸಮೇತ. ಎರಡೂ ಸಿಕ್ಕರೆ ಆಮೇಲೆ ದೀಪದ ಬಣ್ಣದ ಬಗ್ಗೆ ಮಾತಾಡಬಹುದು.